ಮುಂದೆ ಚಿನ್ನ, ಹಿಂದೆ ಸವೆದ ಬುಷ್

ಹೋದ ವರ್ಷ ನಮ್ಮ ಕಾಲೇಜಿನ ಟೂ ವೀಲರ್ ಪಾರ್ಕಿಂಗ್‌ನಲ್ಲಿ, ಕೊನೇ ಕಂಬದ ಪಕ್ಕ ನಿಲ್ತಿದ್ದ ನೀಲಿ ಆರ್15 ನಿಮಗೆ ನೆನಪಿರಬಹುದು. ಬೈಕು 2010ರದ್ದು, ಮುಂದಿನ ಫೋರ್ಕ್ ಮಾತ್ರ ಹೊಸ ವಿ4ರದ್ದು, ಚಿನ್ನದ ಬಣ್ಣದ್ದು. ಬಂದವರೆಲ್ಲ ಬಗ್ಗಿ ನೋಡಿ, ಒಂದ್ಸಲ ಮುಟ್ಟಿ, “ಎಷ್ಟಾಯ್ತು ಮಗಾ?” ಅಂತ ಕೇಳಿ ಹೋಗೋರು. ಈ ಸೆಮಿಸ್ಟರ್‌ನಲ್ಲೂ ಅದೇ ಬೈಕು ಅದೇ ಕಂಬದ ಪಕ್ಕ ನಿಲ್ತಿದೆ. ಆದರೆ ಹಳೇ ಫೋರ್ಕ್ ವಾಪಸ್ ಬಂದಿದೆ. ಈಗ ಎಲ್ಲರ ಪ್ರಶ್ನೆ, “ಯಾಕ್ ತೆಗೆದ್ರಿ? ಮಾರ್ಬಿಟ್ರಾ?” ಮಾರಿಲ್ಲ. ಒಬ್ಬೊಬ್ಬರಿಗೂ ನಿಂತು ಕಥೆ ಹೇಳೋಕೆ ಆಗ್ತಿಲ್ಲ, ಅದಕ್ಕೇ ಈ ಬರಹ.

ನಾವು ಮೂವರು. ಒಬ್ಬ ಬಂಗಾರಪೇಟೆಯವನು, ಒಬ್ಬ ಆಂಡರ್ಸನ್‌ಪೇಟೆಯವನು, ಇನ್ನೊಬ್ಬ ಚಾಂಪಿಯನ್ ರೀಫ್‌ನವನು. ಮನೆಯಲ್ಲಿ ಒಬ್ಬನದು ಕನ್ನಡ, ಒಬ್ಬನದು ತೆಲುಗು, ಒಬ್ಬನದು ತಮಿಳು. ಮೂರೂ ಭಾಷೆಯಲ್ಲಿ ಬೈಸ್ಕೊಂಡು ಮೆಕ್ಯಾನಿಕಲ್ ಓದ್ತಿದ್ದೀವಿ. ಬೈಕು ಬಂಗಾರಪೇಟೆಯವನ ಅಣ್ಣನದು. ಅಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಬಳ ಕೂಡಿಸಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಆಗ ಬೆಂಗಳೂರಿಗೆ ಬೆಳಗಿನ ಟ್ರೈನ್ ಹಿಡಿಯೋ ನೂರಾರು ಜನರಲ್ಲಿ ಅವರೂ ಒಬ್ಬರು, ಬೈಕು ಹಗಲೆಲ್ಲ ಬಂಗಾರಪೇಟೆ ಸ್ಟೇಷನ್ ಸ್ಟ್ಯಾಂಡ್‌ನಲ್ಲಿ ಬಿಸಿಲು ಕಾಯ್ತಿತ್ತು. ಈಗ ಅಣ್ಣ ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದಾರೆ. ಹಗಲು ಕಾಲೇಜಿಗೆ ಬೈಕು ನಮ್ಮದು, ರಾತ್ರಿ ಪಾಳಿ ಇದ್ದರೆ ಅಣ್ಣನದು.

ಯಮಹಾ ಆರ್15 ನಮ್ಮ ದೇಶಕ್ಕೆ ಬಂದಿದ್ದು 2008ರಲ್ಲಿ. 150 ಸಿಸಿಗೆ ಲಿಕ್ವಿಡ್ ಕೂಲಿಂಗ್, ನಾಲ್ಕು ವಾಲ್ವ್, ಡೆಲ್ಟಾಬಾಕ್ಸ್ ಫ್ರೇಮ್. ಆ ಕಾಲಕ್ಕೆ ಅದೊಂದು ದೊಡ್ಡ ವಿಷಯ. ಮುಂದೆ ಮಾತ್ರ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕು. 2021ರಲ್ಲಿ ಬಂದ ವಿ4ಗೆ ತಲೆಕೆಳಗಾದ ಫೋರ್ಕ್, ಅಂದರೆ ನಾವೆಲ್ಲ ಯುಎಸ್‌ಡಿ ಅಂತೀವಲ್ಲ, ಅದು ಬಂತು. ಮಾಮೂಲಿ ಫೋರ್ಕ್‌ನಲ್ಲಿ ತೆಳ್ಳನೆಯ ಕೊಳವೆ ಮೇಲಿನ ‘ಟೀ’ಗೆ ಸಿಕ್ಕಿಸಿರುತ್ತೆ, ದಪ್ಪ ಭಾಗ ಕೆಳಗೆ ಚಕ್ರದ ಹತ್ತಿರ ಇರುತ್ತೆ. ಯುಎಸ್‌ಡಿಯಲ್ಲಿ ಇದು ಉಲ್ಟಾ. ಜೋರಾಗಿ ಬ್ರೇಕ್ ಹಿಡಿದಾಗ ಅತಿ ಹೆಚ್ಚು ಬೆಂಡಿಂಗ್ ಮೊಮೆಂಟ್ ಬೀಳೋದು ಕೆಳಗಿನ ಟೀ ಹತ್ತಿರ. ಅಲ್ಲೇ ದಪ್ಪ ಕೊಳವೆ ಇದ್ದರೆ ಬಾಗೋದು ಕಡಿಮೆ. ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತೆ ಅಂತ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಓದಿದ್ದೀವಲ್ಲ. ಅದೇ ಅಳತೆಯ ಪ್ರಮಾಣದಲ್ಲಿ ವ್ಯಾಸ 10 ಪರ್ಸೆಂಟ್ ಹೆಚ್ಚಿದರೆ ಬಿಗಿತ ಸುಮಾರು 46 ಪರ್ಸೆಂಟ್ ಹೆಚ್ಚುತ್ತೆ. ಈ ಒಂದು ಸಾಲು ಹೇಳಿಯೇ ಅಣ್ಣನ ಹತ್ತಿರ ದುಡ್ಡು ಇಸ್ಕೊಂಡಿದ್ದು ನಾವು.

ನಿಜ ಹೇಳಬೇಕಂದ್ರೆ ಬಿಗಿತಕ್ಕಿಂತ ಬಣ್ಣ ನಮ್ಮನ್ನ ಹಿಡಿದಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಊರು ನಮ್ಮದು. ಸಿನಿಮಾ ನೋಡಿ ಬಂದವರು “ಚಿನ್ನ ಎಲ್ಲಿದೆ?” ಅಂತ ಕೇಳಿದರೆ ಸೈನೈಡ್ ದಿಬ್ಬ ತೋರಿಸೋದು ನಮಗೆ ರೂಢಿ. ಇನ್ಮೇಲೆ ಫೋರ್ಕ್ ತೋರಿಸೋಣ ಅಂತ ತಮಾಷೆ ಮಾಡ್ಕೊಂಡಿದ್ದೆವು.

ಬೆಂಗಳೂರಿನ ಒಂದು ಗುಜರಿ ಅಂಗಡಿಯಲ್ಲಿ ಫೋರ್ಕ್, ಎರಡೂ ಟೀ, ಚಕ್ರ, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಒಂದೇ ಬೈಕಿನದು ಸಿಕ್ಕಿತು. ಎಲ್ಲ ಸೇರಿ 22,000 ರೂಪಾಯಿ. ಬರೀ ಫೋರ್ಕ್ ತಗೊಂಡರೆ ಸಾಕು ಅನ್ಕೊಳ್ಳೋರಿಗೆ ಒಂದು ಮಾತು. ಬ್ರೇಕ್‌ನ ಮಾಸ್ಟರ್ ಸಿಲಿಂಡರ್ ಮತ್ತು ಕ್ಯಾಲಿಪರ್ ಪಿಸ್ಟನ್‌ಗಳ ಅಳತೆಗೆ ಒಂದು ಲೆಕ್ಕ ಇರುತ್ತೆ, ಪಾಸ್ಕಲ್ ನಿಯಮ. ಒಂದು ಹಳೇದು ಒಂದು ಹೊಸದು ಸೇರಿಸಿದರೆ ಲಿವರ್ ಕಲ್ಲಾಗಬಹುದು, ಇಲ್ಲ ಸ್ಪಂಜಾಗಬಹುದು. ಇನ್ನೊಂದು ವಿಷಯ, ವಿ4ರ ಎಬಿಎಸ್ ನಮ್ಮ ಬೈಕಿಗೆ ಬರಲ್ಲ. ಚಕ್ರದಲ್ಲಿ ಸೆನ್ಸರ್ ರಿಂಗ್ ಇದ್ದರೂ ಅದರ ಮಾತು ಕೇಳೋ ಯಂತ್ರ ಈ ಬೈಕಲ್ಲಿ ಇಲ್ಲ.

ಫೋರ್ಕ್ ಕೊಳವೆಗಳನ್ನ ಗಾಜಿನ ಮೇಲೆ ಉರುಳಿಸಿ ಬಾಗಿಲ್ಲ ಅಂತ ನೋಡ್ಕೊಂಡೆವು. ಸ್ಟೆಮ್‌ನ ಉದ್ದ, ಕೋನ್‌ಸೆಟ್ ಕೂರೋ ಜಾಗ ಎಲ್ಲಾ ವರ್ನಿಯರ್‌ನಲ್ಲಿ ಅಳೆದು, ರಾಬರ್ಟ್‌ಸನ್‌ಪೇಟೆಯ ಒಂದು ಲೇತ್‌ನಲ್ಲಿ ಸ್ಪೇಸರ್ ಮಾಡಿಸಿದೆವು. ಎರಡು ದಿನದ ಕೆಲಸ. ಕೂರಿಸಿದ ಮೇಲೆ ಮುಂಭಾಗ ಸ್ವಲ್ಪ ಎತ್ತರ ಅನ್ನಿಸಿತು. ಕೊಳವೆಗಳನ್ನ ಟೀಯಲ್ಲಿ ಮೇಲಕ್ಕೆ ಎಳೆದು, ಬೈಕಿನ ಮೂತಿ ತಗ್ಗಿಸಿ, “ಈಗ ಸ್ಪೋರ್ಟ್ಸ್ ಬೈಕ್ ಥರಾ ಕಾಣ್ತಿದೆ” ಅಂತ ಬೋಲ್ಟ್ ಬಿಗಿದೆವು. ಕಣ್ಣಳತೆ. ಅಷ್ಟೊತ್ತು ಕೈಯಲ್ಲಿದ್ದ ವರ್ನಿಯರ್ ಅಲ್ಲೇ ಪಕ್ಕದಲ್ಲಿತ್ತು.

ಮೊದಲ ಸವಾರಿ ಬಂಗಾರಪೇಟೆಗೆ, ಪಾನಿಪೂರಿಗೆ. ನಮ್ಮ ಕಡೆ ಪಾನಿಯ ಬಣ್ಣ ಹಸಿರಲ್ಲ, ನೋಡಿದರೆ ಬರೀ ನೀರು. ಬಾಯಿಗೆ ಹಾಕ್ಕೊಂಡ ಮೇಲೇ ಖಾರ ಗೊತ್ತಾಗೋದು. ಹೋಗುವಾಗ ಬೈಕು ಬೆಣ್ಣೆ. ಗುಂಡಿಗಳು ಎಲ್ಲಿ ಹೋದವೋ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಬೆಮಲ್ ನಗರಕ್ಕೆ ಇನ್ನೂ ಸ್ವಲ್ಪ ದೂರ ಇದೆ ಅನ್ನುವಾಗ, 80ರ ವೇಗದಲ್ಲಿ ರಸ್ತೆಯ ಒಂದು ಏರುತಗ್ಗು ದಾಟಿದ್ದೇ ತಡ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪಟಪಟ ಅಂತ ಬಡ್ಕೊಳ್ತು. ಎರಡು ಮೂರು ಸೆಕೆಂಡ್ ಇರಬಹುದು. ಆಮೇಲೆ ತಾನೇ ನಿಂತಿತು.

ಹಿಂದೆ ಕೂತವನು “ಗಾಳಿ ಇರ್ಬೇಕು” ಅಂದ. ಓಡಿಸ್ತಿದ್ದವನು “ಹೂಂ, ರೋಡೂ ಸರಿಯಿಲ್ಲ” ಅಂದ. ಗಾಳಿಯಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮನೆಗೆ ಬಂದು ಕೋನ್‌ಸೆಟ್ ನಟ್ಟನ್ನ ಕಾಲು ಸುತ್ತು ಬಿಗಿದೆವು. ಮರುದಿನ 60ರಲ್ಲಿ ಓಡಿಸಿ ನೋಡಿದಾಗ ಏನೂ ಆಗಲಿಲ್ಲ. 80ರಲ್ಲಿ ನೋಡುವ ಧೈರ್ಯ ಯಾರೂ ಮಾಡಲಿಲ್ಲ. ಸಂಜೆ ಅಣ್ಣ ಬಂದು, “ಹೆಂಗೈತ್ರೋ?” ಅಂದರು. ಮೂರು ಜನ ಒಂದೇ ಸಲ, “ಸೂಪರ್ ಅಣ್ಣಾ.”

ಅವತ್ತು ಅಣ್ಣಂಗೆ ರಾತ್ರಿ ಪಾಳಿ.

ಬೆಳಿಗ್ಗೆ ಏಳಕ್ಕೆ ಅಣ್ಣ ವಾಪಸ್ ಬಂದಾಗ ಬೈಕನ್ನ ಓಡಿಸ್ಕೊಂಡು ಬರಲಿಲ್ಲ, ಬೀದಿ ಕೊನೆಯಿಂದ ತಳ್ಕೊಂಡು ಬಂದರು. ಸ್ಟ್ಯಾಂಡ್ ಹಾಕಿ ಹೆಲ್ಮೆಟ್ ತೆಗೆದು ಜಗಲಿ ಮೇಲೆ ಕೂತರು. ಹಿಂದೆ ಲಾರಿ ಇತ್ತಂತೆ. ಹ್ಯಾಂಡಲ್ ಬಡ್ಕೊಳ್ಳೋಕೆ ಶುರುವಾದಾಗ ಬ್ರೇಕ್ ಹಿಡಿಯೋಕೂ ಆಗಲಿಲ್ಲ, ಬಿಡೋಕೂ ಆಗಲಿಲ್ಲ, ಹೇಗೋ ಎಡಕ್ಕೆ ಮಣ್ಣಿಗೆ ಇಳಿಸಿದರಂತೆ. ಇಷ್ಟು ಹೇಳಿ, ತಮ್ಮನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದರು, “ನಿಮ್ಗೆ ಗೊತ್ತಿತ್ತಾ?”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಆ ಜಗಲಿ ಮೇಲೆ ನಾವು ಎಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದೆವೋ ನೆನಪಿಲ್ಲ.

ಬೈಕನ್ನ ಟೆಂಪೋದಲ್ಲಿ ಚಾಂಪಿಯನ್ ರೀಫ್‌ಗೆ ಸಾಗಿಸಿದೆವು. ಅಲ್ಲಿನವನ ತಾತ ಗಣಿ ಮುಚ್ಚೋವರೆಗೂ ಶಾಫ್ಟ್ ಕಡೆ ಫಿಟ್ಟರ್ ಆಗಿದ್ದವರು. ಬೈಕ್ ಓಡಿಸೋಕೆ ಬರಲ್ಲ, ಆದರೆ ಭಾರ ಎತ್ತೋದು ಅವರಿಗೆ ನೀರು ಕುಡಿದಷ್ಟು ಸಲೀಸು. ಲೈನ್ ಮನೆಯ ಹಿಂದಿನ ತೊಲೆಗೆ ಹಗ್ಗ ಹಾಕಿ, ಬೈಕನ್ನ ನೇತುಹಾಕಿದರು. ಎರಡೂ ಚಕ್ರ ಗಾಳಿಯಲ್ಲಿ. ನಾವೆಲ್ಲ ಮುಂದಿನ ಫೋರ್ಕ್ ಕಡೆ ಬಗ್ಗಿದರೆ, ತಾತ ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರು. ಟಕ್. ಟಕ್. ಪಕ್ಕಕ್ಕೆ ಅಲ್ಲಾಡಿಸಿದರು. ಅಲ್ಲೂ ಟಕ್. “ಹೊಸದನ್ನ ಮುಂದೆ ಹಾಕಿ ಹಳೇದನ್ನ ಹಿಂದೆ ಮರೆತಿದ್ದೀರ” ಅಂದರು, ತಮಿಳಿನಲ್ಲಿ.

ಬಿಚ್ಚಿ ನೋಡಿದರೆ ಸ್ವಿಂಗ್ ಆರ್ಮ್ ಬುಷ್ ಸವೆದು ಅಂಡಾಕಾರ ಆಗಿತ್ತು. ಈ ಬೈಕಿನ ಮೊನೋಶಾಕ್ ನೇರವಾಗಿ ಕೂತಿಲ್ಲ, ನಡುವೆ ಲಿಂಕ್ ಇದೆ. ಲಿಂಕ್‌ನ ಬುಷ್‌ಗಳಲ್ಲಿ ಗ್ರೀಸ್ ಜಾಗದಲ್ಲಿ ಕೆಂಪು ತುಕ್ಕಿನ ಪುಡಿ. ಶಾಕ್‌ನ ಆಯಿಲ್ ಯಾವತ್ತೋ ಸೋರಿಹೋಗಿತ್ತು. ಅಂದರೆ ಹಿಂದೆ ಇದ್ದಿದ್ದು ಬರೀ ಸ್ಪ್ರಿಂಗು.

ಸ್ಪ್ರಿಂಗ್ ಶಕ್ತಿಯನ್ನ ಕೂಡಿಡುತ್ತೆ, ವಾಪಸ್ ಕೊಡುತ್ತೆ. ಅದನ್ನ ಶಾಖ ಮಾಡಿ ಕರಗಿಸೋದು ಡ್ಯಾಂಪರ್ ಕೆಲಸ. ಇದು ಪುಸ್ತಕದಲ್ಲಿದೆ, ಪರೀಕ್ಷೆಯಲ್ಲಿ ಬರೆದಿದ್ದೀವಿ. ತಾತಂಗೆ ಹೇಳಿದಾಗ ಅವರು ರಾಕ್ ಬರ್ಸ್ಟ್ ಬಗ್ಗೆ ಹೇಳಿದರು. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳ. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರವನ್ನೆಲ್ಲ ಒಳಗೆ ಹಿಡಿದಿಟ್ಕೊಂಡಿರುತ್ತೆ. ಅಗೆದು ಜಾಗ ಮಾಡಿದಾಗ ಆ ಒತ್ತಡ ನಿಧಾನಕ್ಕೆ ಇಳಿದರೆ ಸರಿ, ಇಳಿಯದಿದ್ದರೆ ಒಂದು ದಿನ ಸಿಡಿಯುತ್ತೆ. ಮೇಲೆ ಮನೆಗಳಲ್ಲಿ ಪಾತ್ರೆ ಅಲ್ಲಾಡುತ್ತೆ, ಕೆಳಗೆ ಜನ ಸಾಯ್ತಾರೆ. ಕೂಡಿಟ್ಟ ಶಕ್ತಿಗೆ ಹೋಗೋಕೆ ದಾರಿ ಬೇಕು ಅನ್ನೋದನ್ನ ತಾತ ನಮಗಿಂತ ಚೆನ್ನಾಗಿ ತಿಳ್ಕೊಂಡಿದ್ದರು.

ಆಮೇಲೆ ನಾವು ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆವು. ಹಳೇ ಟಯರ್ 80/90-17, ವಿ4ರದ್ದು 100/80-17. ಸೈಡ್‌ವಾಲ್ 72 ಮಿಲಿಮೀಟರ್‌ನಿಂದ 80 ಆಯ್ತು, ಅಂದರೆ ಅಚ್ಚು 8 ಮಿಲಿಮೀಟರ್ ಮೇಲೆ ಬಂತು. ಅದನ್ನೂ ಸೇರಿಸಿ ಅಳೆದರೂ ಬೈಕಿನ ಮೂತಿ ಮೊದಲಿಗಿಂತ 20 ಮಿಲಿಮೀಟರ್ ಕೆಳಗಿತ್ತು. ವೀಲ್‌ಬೇಸ್ 1290 ಮಿಲಿಮೀಟರ್. 20ನ್ನ 1290ರಿಂದ ಭಾಗಿಸಿದರೆ ಸುಮಾರು 0.9 ಡಿಗ್ರಿ. ರೇಕ್ ಅಷ್ಟು ಕಡಿಮೆಯಾದರೆ ಟ್ರೇಲ್ ಸುಮಾರು 5 ಮಿಲಿಮೀಟರ್ ಕಡಿಮೆ. ಚಕ್ರವನ್ನ ನೇರ ದಾರಿಗೆ ವಾಪಸ್ ಎಳೆಯೋದು ಈ ಟ್ರೇಲೇ. ಐದು ಮಿಲಿಮೀಟರ್ ಒಂದೇ ಆಗಿದ್ದರೆ ಬೈಕು ಕ್ಷಮಿಸ್ತಿತ್ತೇನೋ. ಜೊತೆಗೆ ಸಡಿಲ ಕೋನ್‌ಸೆಟ್, ಅಲ್ಲಾಡೋ ಸ್ವಿಂಗ್ ಆರ್ಮ್, ಸತ್ತ ಡ್ಯಾಂಪರ್. ನಾಲ್ಕೂ ಸೇರಿದವು.

ಹಿಂದಿನ ಬುಷ್‌ಗಳು, ಅದೇ ಮಾದರಿಯ ಹೊಸ ಶಾಕ್, ಗ್ರೀಸ್, ಎಲ್ಲ ಸೇರಿ 7,000 ರೂಪಾಯಿ. ಈ ಸಲ ದುಡ್ಡು ನಮ್ಮದು. ಫೋರ್ಕ್‌ಗಳನ್ನ ಟೀಯಲ್ಲಿ ಕೆಳಗೆ ಇಳಿಸಿ ಹಳೇ ಎತ್ತರಕ್ಕೆ ತಂದೆವು. ಕೊಳವೆಗೆ ಕೇಬಲ್ ಟೈ ಕಟ್ಟಿ, ಅಣ್ಣನನ್ನೇ ಕೂರಿಸಿ ಸ್ಯಾಗ್ ಅಳೆದೆವು, 130 ಮಿಲಿಮೀಟರ್ ಟ್ರಾವೆಲ್‌ನಲ್ಲಿ 40ರ ಆಸುಪಾಸು. ವಿ4ರ ಈ ಫೋರ್ಕ್‌ನಲ್ಲಿ ತಿರುಗಿಸೋಕೆ ಯಾವ ಅಡ್ಜಸ್ಟರೂ ಇಲ್ಲ ಅನ್ನೋದೂ ಗೊತ್ತಿರಲಿ.

ಹಗ್ಗ ಬಿಚ್ಚಿ ಬೈಕು ಇಳಿಸೋ ಮುಂಚೆ ತಾತ ಒಂದು ನೋಟ್‌ಬುಕ್ ತರಿಸಿದರು. ಗಣಿಯಲ್ಲಿ ಕೇಜ್ ಇಳಿಸೋ ಹಗ್ಗವನ್ನ ದಿನಾ ನೋಡಿ, ಬರೆದು, ಸಹಿ ಹಾಕಬೇಕಿತ್ತಂತೆ. “ಏನೇನು ಮಾಡಿದ್ರಿ ಬರೀರಿ. ಮಾಡಿದವನು ಸಹಿ ಹಾಕ್ಲಿ. ಸಹಿ ಹಾಕಿದವನೇ ಮೊದಲು ಓಡಿಸ್ಲಿ” ಅಂದರು. ಮೂವರೂ ಸಹಿ ಹಾಕಿದೆವು. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಒಬ್ಬೊಬ್ಬರೇ ಹೋದೆವು, 50, 60, 70, 80. ಅದೇ ಏರುತಗ್ಗು. ಹ್ಯಾಂಡಲ್ ಅಲ್ಲಾಡಲಿಲ್ಲ. ಆಮೇಲೇ ಕೀ ಅಣ್ಣನ ಕೈಗೆ.

ಹಾಗಿದ್ರೆ ತೆಗೆದಿದ್ದು ಯಾಕೆ? 2025ಕ್ಕೆ ಬೈಕಿಗೆ 15 ವರ್ಷ ತುಂಬಿತು, ಆರ್‌ಸಿ ನವೀಕರಿಸಬೇಕು. ಆಗ ನಾವು ಕೂತು ಓದಿದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸಬಾರದು ಅನ್ನುತ್ತೆ ಅದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಏನಾದರೂ ಹೆಚ್ಚುಕಮ್ಮಿ ಆದರೆ ಇನ್ಶೂರೆನ್ಸ್‌ನವರ ಮುಂದೆ ನಿಲ್ಲಬೇಕಾದವರು ಅಣ್ಣ. ಒಂದು ಸಲ ಗೊತ್ತಿದ್ದೂ ಸುಮ್ಮನಿದ್ದದ್ದು ಸಾಕಾಗಿತ್ತು.

ಅಟ್ಟದಲ್ಲಿ ಪೇಪರ್ ಸುತ್ತಿಟ್ಟಿದ್ದ ಹಳೇ ಫೋರ್ಕ್ ಇಳಿಸಿದೆವು. ಹೊಸ ಆಯಿಲ್ ಸೀಲ್, ಎರಡೂ ಕಾಲಿಗೆ ಸಮಾನ ಅಳತೆಯ ಹೊಸ ಆಯಿಲ್, ಹೊಸ ಕೋನ್‌ಸೆಟ್, ಹಳೇ ಚಕ್ರ, ಹಳೇ ಬ್ರೇಕ್. ಅಣ್ಣ ನರಸಾಪುರಕ್ಕೆ ಹೋಗಿ ಬಂದು ಹೇಳಿದ್ದು, “ಇದೂ ಚೆನ್ನಾಗೇ ಐತಲ್ರೋ. ಇದನ್ನೇ ಮೊದ್ಲು ಮಾಡ್ಬೋದಿತ್ತಲ್ಲ?”

ಮಾಡಬಹುದಿತ್ತು. ಜೋರಾಗಿ ಬ್ರೇಕ್ ಹಿಡಿದಾಗ ವಿ4 ಫೋರ್ಕೇ ಮೇಲು, ಅದರಲ್ಲಿ ಸುಳ್ಳಿಲ್ಲ. ಆದರೆ ನಮಗೆ ಸಿಕ್ಕ ಸುಖದ ಹೆಚ್ಚುಪಾಲು ಬಂದಿದ್ದು ಯಾರೂ ಬಗ್ಗಿ ನೋಡದ ಹಿಂದಿನ ಬುಷ್‌ಗಳಿಂದ. ನಿಮ್ಮ ಹಳೇ ಬೈಕಿಗೂ ಹೊಸ ಮಾದರಿಯ ಫೋರ್ಕ್ ಹಾಕೋ ಆಸೆ ಇದ್ದರೆ, ಮೊದಲು ಅದನ್ನ ಎತ್ತಿ ನಿಲ್ಲಿಸಿ ಹಿಂದಿನ ಚಕ್ರ ಅಲ್ಲಾಡಿಸಿ ನೋಡಿ. ಟಕ್ ಅಂದರೆ ದುಡ್ಡು ಅಲ್ಲಿಗೆ ಹೋಗಲಿ.

ಚಿನ್ನದ ಫೋರ್ಕ್ ಈಗ ವರ್ಕ್‌ಶಾಪ್‌ನಲ್ಲಿದೆ. ಒಂದು ಕಾಲನ್ನ ಉದ್ದಕ್ಕೆ ಸೀಳಿ, ಒಳಗಿನ ಸ್ಪ್ರಿಂಗ್, ಡ್ಯಾಂಪರ್ ರಾಡ್ ಕಾಣೋ ಹಾಗೆ ಮಿನಿ ಪ್ರಾಜೆಕ್ಟ್ ಮಾಡ್ತಿದ್ದೀವಿ. ನೋಟ್‌ಬುಕ್ ಮಾತ್ರ ಬೈಕಿನ ಸೀಟ್ ಕೆಳಗೇ ಇದೆ. ಕಳೆದ ವಾರ ಚೈನ್ ಬಿಗಿ ಮಾಡಿದ್ದಕ್ಕೂ ಅದರಲ್ಲಿ ಸಹಿ ಇದೆ. ಕೊನೇ ಕಂಬದ ಹತ್ತಿರ ಬನ್ನಿ, ತೋರಿಸ್ತೀವಿ.