ಹಳೆಯ ಕಥೆ, ಹೊಸ ಸವಾರಿ: ಹಾವೇರಿಯಿಂದ ರಾಣೆಬೆನ್ನೂರಿಗೆ

ಹಾವೇರಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಏಲಕ್ಕಿ ಹಾರ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ, ಅದು ಹಾರವಾಗುವುದು ಬಯಲುಸೀಮೆಯ ಈ ಊರಿನಲ್ಲಿ. ಕಥೆಗಳ ವಿಷಯದಲ್ಲೂ ಈ ಸೀಮೆಗೆ ಇಂಥದೇ ಒಂದು ಚರಿತ್ರೆ ಇದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಊರಿನಿಂದ ಸ್ವಲ್ಪವೇ ದೂರದಲ್ಲಿರುವ ಅಗಡಿಗೆ ಹೋಗಿ ಬನ್ನಿ. ಇಲ್ಲಿನ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ಹೊರಟಿತು. ಅದರಲ್ಲಿ ಕಾದಂಬರಿಗಳನ್ನು ಬರೆದವರು ಗಳಗನಾಥರು. ವರದೆ ತುಂಗಭದ್ರೆಗಳು ಕೂಡುವಲ್ಲಿರುವ ಗಳಗನಾಥ ಗ್ರಾಮದವರು. ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅಂದಿನ ಓದುಗರಿಗೆ ಮುಂದಿನ ಕಂತು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು, ಅಂಚೆಯವನ ದಾರಿ ನೋಡಬೇಕು. ಒಂದೇ ರಾತ್ರಿಯಲ್ಲಿ ಹತ್ತು ಕಂತು ನೋಡಿ ಬೆಳಿಗ್ಗೆ ಕಣ್ಣುಜ್ಜಿಕೊಳ್ಳುವ ಇಂದಿನ ಹುಡುಗರಿಗೆ ಆ ಕಾಯುವಿಕೆಯ ಸುಖದುಃಖ ಹೇಳಿದರೂ ಅರ್ಥವಾಗಲಿಕ್ಕಿಲ್ಲ.

ಗಳಗನಾಥರ ಹೆಸರಾಂತ ‘ಕನ್ನಡಿಗರ ಕರ್ಮಕಥೆ’ಗೆ ಆಧಾರ ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿ. ವಿಜಯನಗರದ ಪತನ ಕನ್ನಡಿಗರ ಕಥೆ. ಅದನ್ನು ಮರಾಠಿಯವರು ಹೇಳಿದರು, ಗಳಗನಾಥರು ಮತ್ತೆ ಕನ್ನಡದ ಮನೆಗೆ ಕರೆತಂದರು. ಮೂಲ ಯಾರದು, ನಕಲು ಯಾವುದು ಎಂದು ಗೆರೆ ಎಳೆಯುವುದು ಕಷ್ಟವೇ. ಗಳಗನಾಥರು ಪುಸ್ತಕದ ಗಂಟು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಓದುವ ಚಟವನ್ನು ಹತ್ತಿಸಿದವರು ಎಂದು ಕನ್ನಡ ನಾಡು ಇಂದಿಗೂ ಅವರನ್ನು ನೆನೆಯುತ್ತದೆ.

ಹಾವೇರಿಯಿಂದ ರೈಲು ಹಿಡಿದರೆ ಮುಂದಿನ ಪೇಟೆ ಬ್ಯಾಡಗಿ. ಸೋಮವಾರ, ಗುರುವಾರ ಮಾರುಕಟ್ಟೆಯ ದಿನ. ಮೆಣಸಿನಕಾಯಿಯ ಹಂಗಾಮಿನಲ್ಲಿ ಇಳಿದವರಿಗೆ ಊರು ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ; ಹೊಸಬರು ಸೀನಿ ಸೀನಿ ಸುಸ್ತಾಗುತ್ತಾರೆ. ಕಡ್ಡಿ, ಡಬ್ಬಿ ಎಂಬ ಇಲ್ಲಿನ ತಳಿಗಳಿಗೆ ಖಾರ ಕಡಿಮೆ, ಬಣ್ಣ ಹೆಚ್ಚು, ಸಿಪ್ಪೆಯ ತುಂಬ ಸುಕ್ಕು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಸುಧಾರಿತ ಬೀಜಗಳು ಬಂದ ಮೇಲೆ ಇಲ್ಲೂ ಒಂದು ವಾದ ಹುಟ್ಟಿಕೊಂಡಿದೆ. ಇಳುವರಿ ಬರುತ್ತದಲ್ಲ ಎನ್ನುವವರು ಒಂದು ಕಡೆ. ಹೆಸರು ಅದೇ, ರುಚಿ ಎಲ್ಲಿ ಎಂದು ಮೂಗು ಮುರಿಯುವ ಹಳಬರು ಇನ್ನೊಂದು ಕಡೆ.

ಇದೇ ವಾದ ಮನೆಯ ಟಿ.ವಿ. ಮುಂದೆಯೂ ನಡೆಯುತ್ತದೆ. 1980ರ ದಶಕದಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ತೋರಿಸುತ್ತಿತ್ತು. ಮಾಳಿಗೆಯ ಮೇಲಿನ ಆಂಟೆನಾ ತಿರುಗಿಸುತ್ತ ‘ಬಂತೇನೋ?’ ಎಂದು ಕೂಗುತ್ತಿದ್ದ ಆ ತಲೆಮಾರಿನವರು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಮಕ್ಕಳ ಮೊಬೈಲಿನಲ್ಲಿ ಹೊಸ ನಟರು, ಹೊಸ ಮಾತು. ‘ನಮ್ಮ ಕಾಲದ್ದೇ ಚಲೋ ಇತ್ತು’ ಎಂಬ ಮಾತು ಹೊರಡದ ಮನೆ ವಿರಳ.

ಇಂಥ ಜಗಳಗಳಲ್ಲಿ ದೊಡ್ಡದು ನಡೆದದ್ದು ಅಮೆರಿಕದಲ್ಲಿ, ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಧಾರಾವಾಹಿಯ ಬಗ್ಗೆ. ಯಂತ್ರಮಾನವರ ದಾಳಿಯಿಂದ ನಾಶವಾದ ಲೋಕಗಳಿಂದ ತಪ್ಪಿಸಿಕೊಂಡ ಜನ ಹಡಗುಗಳಲ್ಲಿ ಭೂಮಿಯನ್ನು ಹುಡುಕಿ ಹೊರಡುವ ಕಥೆ. 1978ರಲ್ಲಿ ಆರಂಭವಾಗಿ ಮರುವರ್ಷವೇ ನಿಂತುಹೋಗಿತ್ತು. 2003ರಲ್ಲಿ ಅದನ್ನು ಹೊಸದಾಗಿ ಕಟ್ಟಿದಾಗ ಹಳೆಯ ಅಭಿಮಾನಿಗಳು ಕೆರಳಿದರು. ಸ್ಟಾರ್‌ಬಕ್ ಎಂಬ ಧೀರ ಪೈಲಟ್ ಮೊದಲು ಗಂಡು, ಈಗ ಹೆಣ್ಣು! ಮೊದಲಿನ ಸ್ಟಾರ್‌ಬಕ್ ಡರ್ಕ್ ಬೆನೆಡಿಕ್ಟ್ ಸ್ವತಃ ಲೇಖನ ಬರೆದು ಹೊಸ ಧಾರಾವಾಹಿಯನ್ನು ಹೀಗಳೆದರು. ಇನ್ನೊಬ್ಬ ಹಳೆಯ ನಾಯಕ ರಿಚರ್ಡ್ ಹ್ಯಾಚ್ ಹಳೆಯ ಕಥೆಯನ್ನೇ ಮುಂದುವರಿಸಬೇಕೆಂದು ವರ್ಷಗಟ್ಟಲೆ ಹೋರಾಡಿದವರು. ಅವರಿಗೂ ಬೇಸರವಾಗಿತ್ತು.

2004ರ ಅಕ್ಟೋಬರಿನಲ್ಲಿ ಮೊದಲು ಬ್ರಿಟನ್ನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮೊದಲ ಸರಣಿಯ 13 ಕಂತುಗಳು ಬಂದವು. ಮೊದಲ ಕಂತಿನಲ್ಲಿ ಪ್ರತಿ 33 ನಿಮಿಷಕ್ಕೊಮ್ಮೆ ವೈರಿಗಳ ದಾಳಿ, ನಿದ್ದೆಗೆಟ್ಟ ಜನ. ಅಧ್ಯಕ್ಷೆಯ ಸ್ಥಾನದಲ್ಲಿರುವಾಕೆ ಹಿಂದೆ ಶಾಲೆಯ ಶಿಕ್ಷಕಿ, ಆಮೇಲೆ ಶಿಕ್ಷಣ ಮಂತ್ರಿ. ಅಧಿಕಾರದ ಸಾಲಿನಲ್ಲಿ ಅವಳ ಮುಂದಿದ್ದ 42 ಮಂದಿ ಸತ್ತಿದ್ದರಿಂದ ಪಟ್ಟ ಅವಳಿಗೆ ಬಂದಿದೆ. ಬದುಕುಳಿದವರ ಲೆಕ್ಕವನ್ನು ಹಲಗೆಯ ಮೇಲೆ ಬರೆದಿಡುತ್ತಾಳೆ, ತರಗತಿಯ ಹಾಜರಿ ಬರೆದ ಹಾಗೆ. ಇಳಿಯುತ್ತಲೇ ಇದ್ದ ಆ ಅಂಕಿ ಕೊನೆಯಲ್ಲಿ ಒಂದು ಹೆಚ್ಚುತ್ತದೆ. ಹಡಗೊಂದರಲ್ಲಿ ಮಗು ಹುಟ್ಟಿರುತ್ತದೆ. ಈ ಕಂತಿಗೆ 2005ರಲ್ಲಿ ಹ್ಯೂಗೋ ಪ್ರಶಸ್ತಿ ಬಂತು. ರಿಚರ್ಡ್ ಹ್ಯಾಚ್ ಏನು ಮಾಡಿದರು ಎಂಬುದು ಇನ್ನೂ ಸ್ವಾರಸ್ಯ. ಅದೇ ಸರಣಿಯಲ್ಲಿ, ಸೆರೆಯಲ್ಲಿದ್ದ ಬಂಡಾಯಗಾರ ಟಾಮ್ ಜಾರೆಕ್‌ನ ಪಾತ್ರ ಒಪ್ಪಿಕೊಂಡು ಬಂದರು! ಹಳೆಯ ನಾಯಕ ಹೊಸ ಕಥೆಯೊಳಗೆ ಬಂದು ನಿಂತು ಜಗಳವಾಡಿದಂತಾಯಿತು. ಹೊರಗೆ ನಿಂತು ಬೈಯುವುದಕ್ಕಿಂತ ಇದು ದೊಡ್ಡತನ.

ರೈಲು ಬ್ಯಾಡಗಿ ಬಿಟ್ಟರೆ ರಾಣೆಬೆನ್ನೂರಿಗೆ ಮೊದಲು ದೇವರಗುಡ್ಡ. ಮಾಲತೇಶನ ಈ ಕ್ಷೇತ್ರದಲ್ಲಿ ನವರಾತ್ರಿಯ ವೇಳೆ ಕಾರಣಿಕ ನಡೆಯುತ್ತದೆ. ಕಂಬಳಿಯ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದರೆ ಸೇರಿದ ಜನಸ್ತೋಮ ಉಸಿರು ಬಿಗಿಹಿಡಿಯುತ್ತದೆ. ಒಂದೇ ಒಂದು ಮಾತು, ಅಷ್ಟೇ. ಆಮೇಲೆ ಶುರುವಾಗುತ್ತದೆ ನೋಡಿ ವಿಮರ್ಶೆ! ರೈತನಿಗೆ ಅದರಲ್ಲಿ ಮಳೆ ಕಂಡರೆ ವ್ಯಾಪಾರಿಗೆ ದರ, ರಾಜಕಾರಣಿಗೆ ಕುರ್ಚಿ. ನಾಳಿನ ಬಗ್ಗೆ ಹೇಳಿದ ಮಾತನ್ನು ಇಷ್ಟು ಕಿವಿಗೊಟ್ಟು ಕೇಳಿ, ಇಷ್ಟು ದಿನ ಚರ್ಚಿಸುವ ಪ್ರೇಕ್ಷಕರು ಯಾವ ವೈಜ್ಞಾನಿಕ ಧಾರಾವಾಹಿಗೂ ಸಿಕ್ಕಿರಲಾರರು. ಬೇರೆ ವರ್ಷದ ಮಾತಿಗೆ ಹೋಲಿಸಿ ‘ಹಿಂದಿನದೇ ಸ್ಪಷ್ಟವಿತ್ತು’ ಎನ್ನುವವರು ಅಲ್ಲಿಯೂ ಇರುತ್ತಾರೆನ್ನಿ.

ರಾಣೆಬೆನ್ನೂರಿನಲ್ಲಿ ಇಳಿದವರು ಹತ್ತಿಯ, ಬೀಜದ ಪೇಟೆ ದಾಟಿ ಕೃಷ್ಣಮೃಗಗಳ ಅಭಯಾರಣ್ಯದ ಕಡೆಗೆ ಹೋಗಬೇಕು. 1974ರಲ್ಲಿ ಘೋಷಣೆಯಾದ ಈ 119 ಚದರ ಕಿ.ಮೀ. ನೆಲ ಮೂಲತಃ ಹುಲ್ಲುಗಾವಲು, ಕುರುಚಲು ಕಾಡು. ನೀಲಗಿರಿ ನೆಟ್ಟು ಅದರ ರೂಪವನ್ನೇ ಬದಲಿಸಿದರು. ಕೃಷ್ಣಮೃಗಗಳು ಹೊಂದಿಕೊಂಡು ಹೆಚ್ಚಿದವು. ಬಯಲಿನ ದೊಡ್ಡ ಹಕ್ಕಿ ಎರೆಭೂತಕ್ಕೆ ಹೊಸ ರೂಪ ಒಗ್ಗಲಿಲ್ಲ. ಒಂದು ಕಾಲದಲ್ಲಿ ಇಲ್ಲಿ ಓಡಾಡಿದ್ದ ಅದು ಈಗ ಕಾಣಸಿಗುವುದಿಲ್ಲ. ಇಲ್ಲಿನ ಮಕ್ಕಳು ಅದನ್ನು ಚಿತ್ರದಲ್ಲೇ ನೋಡಬೇಕು. ಸಂಜೆ ಬಿಸಿಲು ಇಳಿಯುತ್ತಲೇ ಮರಿಗಳೊಂದಿಗೆ ಕೃಷ್ಣಮೃಗಗಳ ಹಿಂಡು ಅಂಚಿನ ಹೊಲಗಳತ್ತ ಹೊರಡುತ್ತದೆ. ಅಷ್ಟರಲ್ಲಿ ಹೊಲದವರೂ ಕಾವಲಿಗೆ ಬಂದಿರುತ್ತಾರೆ.