ಬಂದರಿಂಗೆ ಬಂದ ದ್ರಾಕ್ಷೆ, ಬಂದರಿಂದ ಹೋದ ಅಡಕ್ಕೆ

ಮಂಗ್ಳೂರು ಬಂದರು ಹೇಳಿರೆ ನಮ್ಮ ಹೆಮ್ಮಕ್ಕೊಗೆ ನೆಂಪಪ್ಪದು ಎಂತರ ಹೇಳಿ? ಚಾಲಿ ಅಡಕ್ಕೆಯ ಗೋಣಿ ಹೋಪ ಜಾಗೆ, ಜೆಂಬ್ರಕ್ಕೆ ಬೆಲ್ಲ-ಸಕ್ಕರೆ ತಪ್ಪ ಜಾಗೆ. ಮಾವ "ಬಂದರಿಂಗೆ ಹೋಗಿ ಬತ್ತೆ" ಹೇಳಿ ಹೆರಟರೆ ಅತ್ತೆ ಉದ್ದದ ಚೀಟಿ ಬರದು ಕೊಡುಗು. ಅಲ್ಲಿ ಸಮುದ್ರ ಇದ್ದು ಹೇಳಿ ಗ್ರೇಶುವೋರು ಕಮ್ಮಿ.

ಹೀಂಗಿಪ್ಪ ಚೀಟಿಗೊ ಸುಮಾರು 900 ವರ್ಷ ಹಿಂದಾಣದ್ದೂ ಒಳುದ್ದು, ಗೊಂತಿದ್ದಾ ಅಕ್ಕಂದಿರೇ?

ಅಬ್ರಹಾಂ ಬೆನ್ ಯಿಜು ಹೇಳಿ ಒಬ್ಬ ಯೆಹೂದಿ ವ್ಯಾಪಾರಿ. ಹುಟ್ಟೂರು ಟುನೀಸಿಯದ ಮಹದಿಯಾ. ಏಡನಿಂಗೆ ಬಂದು, ಅಲ್ಲಿಂದ ಮಂಗ್ಳೂರಿಂಗೆ ಬಂದ. 1132ಕ್ಕಪ್ಪಗ ಇಲ್ಲಿತ್ತಿದ್ದ, 1149ಕ್ಕೆ ಹೆರಟ. ನಡುವಾಣ ಹೆಚ್ಚಿನ ಸಮಯ ಇಲ್ಲಿಯೇ. ಏಡನಿನ ಚೆಂಙಾಯಿಗೊ ಅವಂಗೆ ಬರದ ಕಾಗದಂಗೊ ಹಳೆ ಕೈರೋದ ಒಂದು ಯೆಹೂದಿ ಪ್ರಾರ್ಥನಾ ಮಂದಿರದ ಕೋಣೆಲಿ ಬಿದ್ದೊಂಡಿತ್ತು. ದೇವರ ಹೆಸರಿಪ್ಪ ಕಾಗದವ ಇಡ್ಕಲಾಗ ಹೇಳಿ ಅವರ ಕ್ರಮ ಅಡ. ಆ ರಾಶಿಯ ದೊಡ್ಡ ಪಾಲು 19ನೇ ಶತಮಾನದ ಅಕೇರಿಗೆ ಇಂಗ್ಲೆಂಡಿನ ಕೇಂಬ್ರಿಜಿಂಗೆ ಹೋತು. ಅಮಿತಾವ್ ಘೋಷ್ ಇದರ ಹಿಂದೆ ಬಿದ್ದು, ಮಂಗ್ಳೂರಿಂಗೂ ಬಂದು, 1992ರಲ್ಲಿ 'ಇನ್ ಆನ್ ಆಂಟಿಕ್ ಲ್ಯಾಂಡ್' ಹೇಳಿ ಪುಸ್ತಕ ಮಾಡಿದವು.

ಆ ಕಾಗದಂಗಳಲ್ಲಿ ಎಂತ ಇದ್ದು? ಇಲ್ಲಿಂದ ಹೋದ್ದು ಗೆಣಮೆಣಸು, ಏಲಕ್ಕಿ, ಕಬ್ಬಿಣ, ಮತ್ತೆ ಅಡಕ್ಕೆ! (ಇದರ ಓದಿಯಪ್ಪಗ ಎನಗೆ ಆದ ಕೊಶಿ ಹೇಳಿ ಮುಗಿಯ.) ಅಲ್ಲಿಂದ ಅವನ ಮನೆಗೆ ಬಂದದು ಸಕ್ಕರೆ, ಒಣದ್ರಾಕ್ಷೆ, ಬಾದಾಮಿ, ಸಾಬೂನು, ಬರವಲೆ ಕಾಗದ. ನಮ್ಮೋರು ಓಲೆಗರಿಲಿ ಬರಕ್ಕೊಂಡಿದ್ದ ಕಾಲ ಅದು. ಬೆನ್ ಯಿಜು ಇಲ್ಲಿ ಕಂಚು-ಹಿತ್ತಾಳೆ ಪಾತ್ರ ಮಾಡ್ಸುವ ಕೆಲಸವನ್ನೂ ಮಡಿಕ್ಕೊಂಡಿತ್ತಿದ್ದ. ಏಡನಿನೋರು ಒಡದ ಪಾತ್ರಂಗಳ ಹಡಗಿಲಿ ಕಳುಸಿ, ಇದರ ಕರಗುಸಿ ಇಂಥದ್ದು ಮಾಡ್ಸಿ ಕಳುಸು ಹೇಳಿ ಬರಗು. ಹಳತ್ತು ಕೊಟ್ಟು ಹೊಸತ್ತು ಮಾಡ್ಸುವ ನಮ್ಮ ಅಜ್ಜಿಯಕ್ಕಳ ಬುದ್ಧಿ ಆಚ ಕರೆಲಿಯೂ ಇತ್ತು ಹೇಳಿ ಆತು.

ಹಡಗು ಬಪ್ಪದು ಗಾಳಿ ನೋಡಿಗೊಂಡು. ಮಳೆಗಾಲ ಹಿಡುದರೆ ಸಮುದ್ರಕ್ಕೆ ಇಳಿವಲೆಡಿಯ. ದ್ರಾಕ್ಷೆ ಮುಗುದರೆ ಮತ್ತೆ ತಿಂಗಳುಗಟ್ಲೆ ಕಾಯೆಕ್ಕು. 1974ರಲ್ಲಿ ಪಣಂಬೂರಿಲಿ ಹೊಸ ಬಂದರು ಆದ ಮತ್ತೆ ದೊಡ್ಡ ಹಡಗು ಪೂರಾ ಅತ್ತೆ ಹೋತು. ನೇತ್ರಾವತಿಯೂ ಗುರುಪುರ ಹೊಳೆಯೂ ಸೇರುವಲ್ಲಿಪ್ಪ ಹಳೆ ಬಂದರಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ ತೆಕ್ಕೊಂಡು ಹೋಪ ಮಂಜಿಗೊಕ್ಕೆ ಈಗಳೂ ಮಳೆಗಾಲಲ್ಲಿ ರಜೆಯೇ.

ಎನ್ನ ಮನಸ್ಸಿಲಿ ಕೂದ್ದು ಬೇರೆ ಒಂದು ಕಾಗದ. 1132ರ ಅಕ್ಟೋಬರ 17ಕ್ಕೆ ಮಂಗ್ಳೂರಿಲಿ ಬರದ್ದು. ಅಶು ಹೇಳ್ತ ದಾಸಿಯ ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ. ನಮ್ಮ ಈ ಕರೆಯ ಹೆಣ್ಣು ಅದು. ಅವನ ಮಕ್ಕಳ ಅಬ್ಬೆ ಅದುವೇ ಹೇಳಿ ತಿಳುದೋರ ಅಂದಾಜಿ.

ಅವನ ಹತ್ರೆ ಒಬ್ಬ ಆಳುದೇ ಇತ್ತಿದ್ದ, ಸರಕು ತೆಕ್ಕೊಂಡು ಏಡನಿಂಗೆ ಹೋಗಿ ಬಪ್ಪವ. ಅವನ ಹೆಸರಿನ ಅಕ್ಷರ ಬಿಡುಸಲೆ ಘೋಷರಿಂಗೆ ಕಷ್ಟ ಆಗಿ, ನಮ್ಮ ವಿವೇಕ ರೈಗಳ ಹತ್ರೆ ಕೇಳಿದ ಮತ್ತೆ 'ಬೊಮ್ಮ' ಹೇಳಿ ನಿಘಂಟು ಮಾಡಿದವು. ಏಡನಿನೋರು ಕಾಗದಲ್ಲಿ ಬೊಮ್ಮಂಗೆ ನಮಸ್ಕಾರ ಹೇಳ್ತವು. ಆ ಸಕ್ಕರೆ-ಸಾಬೂನಿನ ಕಟ್ಟು ಬಿಚ್ಚಿ ಭರಣಿಲಿ ತುಂಬುಸಿದ್ದು ಆರು? ಅದರ ಆರೂ ಬರದ್ದವಿಲ್ಲೆ. ಎನಗೆ ರಜಾ ಕೋಪವೇ ಬಂತು.

1149ರಲ್ಲಿ ಬೆನ್ ಯಿಜು ಮಕ್ಕಳ ಕರಕ್ಕೊಂಡು ಏಡನಿಂಗೆ ಹೋದ. ಅಲ್ಲಿಂದ ಒಡಹುಟ್ಟಿದವಕ್ಕೆ ಬರದ ಕಾಗದಲ್ಲಿ ಮಗನ, ಮಗಳ ಸುದ್ದಿ ಇದ್ದು. 1156ರಲ್ಲಿ ಮಗಳ ತನ್ನ ಒಡಹುಟ್ಟಿದವನ ಮಗಂಗೇ ಮದುವೆ ಮಾಡಿ ಕೊಟ್ಟ. ನಮ್ಮಲ್ಲಿ ಅದು ಆಗ, ಅವರಲ್ಲಿ ಆವುತ್ತು. ಮಗಳ ಹೆಸರು ಸಿತ್ ಅಲ್-ದಾರ್. ಮನೆಯ ಯಜಮಾಂತಿ ಹೇಳಿ ಅರ್ಥ ಅಡ. ಮಂಗ್ಳೂರಿನ ಆ ಮನೆ ಒಳ, ಹೊಗೆ ಅಟ್ಟದ ಕೆಳ ಕೂದೊಂಡು, ಅಬ್ಬೆ ಅದರ ಎಂತ ಹೇಳಿ ದಿನಿಗೇಳಿಗೊಂಡಿತ್ತೋ.