ಮೊದಲು ಟೇಪು, ಆಮೇಲೆ ಮೈಲೇಜು

ಮಾಲತೇಶನ ದೇವರಗುಡ್ಡದಿಂದ ರಾಣೇಬೆನ್ನೂರು ದೂರವೇನಲ್ಲ. ಆದರೆ ಗಾಲಿಕುರ್ಚಿಯಲ್ಲಿ ಓಡಾಡುವ ನಮ್ಮಕ್ಕನ ಮಗಳಿಗೆ ಬಸ್ಸಿನ ಮೊದಲ ಮೆಟ್ಟಿಲೇ ಒಂದು ಗುಡ್ಡ. ಅವಳ ಕಾಲೇಜು ನಿಲ್ಲಬಾರದೆಂದು ಮನೆಯವರೆಲ್ಲ ಕೂಡಿ ಕಾರು ಕೊಳ್ಳುವುದೆಂದಾಯಿತು. ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ‘ಮೋಟಬಿಲಿಟಿ’ ಯೋಜನೆಯಲ್ಲಿ ಅಂಗವಿಕಲರು ತಮಗೆ ಬರುವ ಸಂಚಾರ ಭತ್ಯೆಯನ್ನೇ ಬಾಡಿಗೆಯಾಗಿ ಕಟ್ಟಿ, ಸಾಮಾನ್ಯವಾಗಿ ಮೂರು ವರ್ಷಕ್ಕೆ ಕಾರು ಪಡೆಯುತ್ತಾರೆ. ವಿಮೆ, ರಿಪೇರಿ ಅದರಲ್ಲೇ ಸೇರಿರುತ್ತದೆ. ಒಗ್ಗದಿದ್ದರೆ ಮುಂದಿನ ಸಲ ಬೇರೆ ಕಾರು. ನಮ್ಮಂಥ ಮನೆಗಳಲ್ಲಿ ಹಾಗಲ್ಲ. ಒಮ್ಮೆ ಕೊಂಡರೆ ಹತ್ತು ವರ್ಷದ ಮಾತು.

ಅದಕ್ಕೇ ಮೈಲೇಜು ಕೇಳುವ ಮೊದಲು ಟೇಪು ಹಿಡಿದೆವು. ಸೀಟು ಗಾಲಿಕುರ್ಚಿಯ ಎತ್ತರಕ್ಕಿದೆಯೇ? ಬಾಗಿಲು ಅಗಲವಾಗಿ ತೆರೆಯುತ್ತದೆಯೇ? ಮಡಿಸಿದ ಕುರ್ಚಿ ಡಿಕ್ಕಿಯಲ್ಲಿ ಹಿಡಿಸುತ್ತದೆಯೇ? ನಾಳೆ ಅವಳೇ ಓಡಿಸುವುದಾದರೆ ಕ್ಲಚ್ಚಿಲ್ಲದ ಆಟೊಮ್ಯಾಟಿಕ್ ಗೇರು ಒಳ್ಳೆಯದು. ಬ್ರೇಕು, ಆಕ್ಸಿಲರೇಟರುಗಳನ್ನು ಕೈಯಿಂದ ನಡೆಸುವ ಸಲಕರಣೆ ಕೂಡಿಸಬಹುದು. ಅದಕ್ಕೆ ಆರ್‌ಟಿಓ ಒಪ್ಪಿಗೆ ಬೇಕು, ವಿಮೆಯವರಿಗೂ ತಿಳಿಸಬೇಕು. ಕೊನೆಯದಾಗಿ, ಕೆಟ್ಟರೆ ರಾಣೇಬೆನ್ನೂರಿನಲ್ಲೇ ರಿಪೇರಿಯಾಗುತ್ತದೆಯೇ?

ಶೋರೂಮಿನ ಹುಡುಗ ದೊಡ್ಡ ಪರದೆ, ಹಾಡು ಎಂದು ತೋರಿಸುತ್ತಲೇ ಇದ್ದ. ಇವಳು ಮಾತ್ರ, “ಮಾಮಾ, ಅದೇನೂ ಬ್ಯಾಡ. ನಾ ಒಬ್ಬಾಕಿನ ಹತ್ತಿ ಇಳಿಯೂವಂಗ ಇರ್ಲಿ, ಸಾಕು” ಎಂದಳು.

ತಂದೆತಾಯಿಗಳೇ, ಗಾಡಿ ನೋಡಲು ಹೋಗುವಾಗ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಯಾವ ಗಾಡಿ ನಂಬಿಗಸ್ತ ಎಂಬುದು, ದಿನವೂ ಅದರಲ್ಲಿ ಹತ್ತಿಳಿಯುವವರಿಗೇ ಮೊದಲು ಗೊತ್ತಾಗುತ್ತದೆ.